ನಾನು ಹತ್ತಬಲ್ಲ ಬಾಗಿಲು

ಮುಂದಿನ ಗಾಜಿನ ಮೇಲೆ ಒಂದು ಹಳದಿ ಎಲೆ, ವೈಪರಿನ ಕಡ್ಡಿಗೆ ತೊಟ್ಟು ಸಿಕ್ಕಿಸಿಕೊಂಡು ಪಟಪಟ ಅನ್ನುತ್ತಿದೆ, ಬಿಟ್ಟರೆ ಹಾರಿಹೋಗುತ್ತೇನೆ ಅನ್ನುವ ಹಾಗೆ, ಹಾರಮ್ಮ, ಯಾರು ಬೇಡ ಅಂದರು, ನನ್ನ ಕಣ್ಣು ಮಾತ್ರ ನಿನ್ನ ಮೇಲೆ ಬೀಳಬಾರದು, ರಸ್ತೆ ನೋಡಬೇಕು, ದೂರ ನೋಡಿ ಅಮ್ಮ, ಬಾನೆಟ್ಟಿನ ತುದಿ ನೋಡಬೇಡಿ, ಬಾನೆಟ್ಟು ಎಲ್ಲಿಗೂ ಓಡಿಹೋಗಲ್ಲ, ಡ್ರೈವಿಂಗ್ ಶಾಲೆಯ ಹುಡುಗಿ ಮೊದಲ ದಿನವೇ ಹೇಳಿದ್ದು, ದೂರ ನೋಡುತ್ತಿದ್ದೇನೆ, ದೂರದಲ್ಲಿ ತಿರುವು, ತಿರುವಿಗೆ ಇಂಡಿಕೇಟರ್, ಹಾಕಿದೆ — ಚರಕ್ಕನೆ ವೈಪರ್ ಎದ್ದು ಒಣ ಗಾಜನ್ನೇ ಗಸಗಸ ಉಜ್ಜಿತು, ಎಲೆ ಎಲ್ಲಿಗೋ ಹಾರಿತು, ಹಿಂದಿನ ಸೀಟುಗಳಿಂದ ಒಟ್ಟಿಗೇ ನಗು, ಅಜ್ಜೀ ಮಳೆ ಬರ್ತಿಲ್ಲ, ಕೊಟ್ಟಕೊನೆಯ ಸೀಟಿನಿಂದ ಮೊಮ್ಮಗಳು ಚೂಟಿ, ನನಗೆ ಗೊತ್ತು ಕಣೇ, ಗಾಜು ಒರೆಸಿದೆ ಅಷ್ಟೇ, ಅಂದೆ, ನನಗೂ ನಗು ತಡೆಯಲಿಲ್ಲ. ಶಾಲೆಯ ಚಿಕ್ಕ ಕಾರಿನಲ್ಲಿ ಕಲಿತದ್ದು, ಅದರಲ್ಲಿ ಇಂಡಿಕೇಟರ್ ಈ ಕೈಗೆ, ಇದರಲ್ಲಿ ಆ ಕೈಗೆ, ಇಬ್ಬರೂ ಕೂತು ಒಂದು ಮಾತು ಆಡಿಕೊಂಡು ಒಂದೇ ಕಡೆ ಇಡಬಾರದಿತ್ತೇ ಈ ಕಾರು ಮಾಡುವವರು. ಪಕ್ಕದಲ್ಲಿ ಇವರು, ನನ್ನ ಯಜಮಾನರು, ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾರೆ, ಕಾಲ ಕೆಳಗೆ ಇಲ್ಲದ ಬ್ರೇಕನ್ನು ಆಗಾಗ ಒತ್ತುತ್ತಾರೆ, ತೊಡೆಯ ಮೇಲೆ ಕಾರಿನ ದಪ್ಪ ಪುಸ್ತಕ, ಅಚ್ಚಿನ ಮನೆಯಲ್ಲಿ ಕರಡು ತಿದ್ದುತ್ತ ಆಯುಸ್ಸು ಕಳೆದ ಮನುಷ್ಯ, ಕಾರು ಓಡಿಸಲು ಬರದಿದ್ದರೂ ಅದರ ಪುಸ್ತಕವನ್ನು ರಟ್ಟಿನಿಂದ ರಟ್ಟಿಗೆ ಓದಿದ್ದಾರೆ, ಓದುತ್ತ ಅಚ್ಚಿನ ತಪ್ಪಿಗೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದಾರೆ. ನಡುವಿನ ಸಾಲಿನಲ್ಲಿ ಮಗ, ಸೊಸೆ, ಅವರಿಬ್ಬರ ಮಧ್ಯೆ ಮಗುವಿನ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿ ಕೂತ ನಮ್ಮ ಗುಂಡ, ಇನ್ನೂ ಹಲ್ಲು ಬಾರದವನು, ಅವನಿಗೆ ಕಾಣುವುದು ಹಿಂದಿನ ಸೀಟಿನ ಅಕ್ಕ ಚೂಟಿ ಮಾತ್ರ, ಅವಳು ಮೂತಿ ಚೂಪು ಮಾಡಿದರೆ ಕೇಕೆ ಹಾಕುತ್ತಾನೆ, ಆ ಕೇಕೆಗೆ ಮೊದಮೊದಲು ನನ್ನ ಎದೆ ಧಸಕ್ಕೆನ್ನುತ್ತಿತ್ತು, ಏನಾದರೂ ತಗುಲಿಸಿದೆನೋ ಅಂತ, ಈಗ ಇಲ್ಲ. ಏಳು ಸೀಟು, ಆರು ಜನ, ಚೂಟಿಯ ಪಕ್ಕದಲ್ಲಿ ಒಂದು ಖಾಲಿ, ಅದು ಬರುವಾಗ ತುಂಬುತ್ತದೆ, ಚೂಟಿ ನಡುವಿಗೆ ಬರುತ್ತಾಳೋ, ಮಗ ಹಿಂದೆ ಹೋಗುತ್ತಾನೋ, ಅದು ಅವರ ತಲೆನೋವು, ನಾವು ಕರೆತರಲು ಹೊರಟ ನನ್ನ ಅಕ್ಕನಿಗೆ ಮಾತ್ರ ಕಿಟಕಿ ಪಕ್ಕವೇ ಬೇಕು, ಚಿಕ್ಕವಳಿದ್ದಾಗಿನಿಂದ ಅವಳ ಹಟ.

ಅಕ್ಕ ಈಗ ಏನು ಮಾಡುತ್ತಿರುತ್ತಾಳೆ, ಪಾತ್ರೆ ತೊಳೆಯುತ್ತಿರುತ್ತಾಳೆ, ಅಥವಾ ಗೇಟಿನ ಹತ್ತಿರ ಬಂದು ನಿಂತೇಬಿಟ್ಟಿರುತ್ತಾಳೆ, ಇಲ್ಲ, ನಿಂತಿರುವುದಿಲ್ಲ, ನಂಬಿದರೆ ತಾನೇ ನಿಲ್ಲುವುದು, ಎರಡು ಸಲ ಬರುತ್ತೇನೆ ಅಂದು ಹೋಗದೆ ಉಳಿದವಳನ್ನು ಯಾರು ನಂಬುತ್ತಾರೆ. ಊರಿನ ಈ ಕೊನೆ ನಾವು, ಆ ಕೊನೆ ಅಕ್ಕ, ನಡುವೆ ಮಾರುಕಟ್ಟೆ, ಸೇತುವೆ, ಆಮೇಲೆ ನೀರಿನ ಟ್ಯಾಂಕಿನ ಏರು, ದೂರ ಅಂದರೆ ಅಂಥ ದೂರವೇನಲ್ಲ, ಆದರೆ ಆ ಏರಿಗೆ ಬಸ್ಸು ಹತ್ತುವುದಿಲ್ಲ, ನನ್ನ ಮಂಡಿಯೂ ಹತ್ತುವುದಿಲ್ಲ, ಅವಳ ಸೊಂಟ ಇಳಿಯುವುದಿಲ್ಲ. ಹಳೆಯ ಚಿಕ್ಕ ಕಾರು ಇದ್ದಾಗ ಚಿಂತೆ ಇರಲಿಲ್ಲ, ಅದು ನೆಲಕ್ಕೇ ಅಂಟಿಕೊಂಡಿದ್ದ ಕಾರು, ಕುರ್ಚಿಯ ಮೇಲೆ ಕೂತ ಹಾಗೆ ಕೂತು ಕಾಲು ಒಳಗೆ ಎಳೆದುಕೊಂಡರೆ ಆಯಿತು, ವಾರ ವಾರ ಹೋಗಿ ಬರುತ್ತಿದ್ದೆ, ಮಗ ಬಿಟ್ಟು ಬರುತ್ತಿದ್ದ, ಸಂಜೆ ಕರೆದುಕೊಂಡು ಬರುತ್ತಿದ್ದ. ಆಮೇಲೆ ಗುಂಡ ಹುಟ್ಟಿದ, ಗುಂಡನ ಜೊತೆಗೆ ಅವನ ಸೀಟು, ಅವನ ತಳ್ಳುವ ಗಾಡಿ, ಅವನ ಚೀಲ, ಮಡಿಸಿದರೂ ಮಡಿಸಿದ ಹಾಗೆ ಕಾಣದ ಅವನ ತೊಟ್ಟಿಲು, ಅಷ್ಟು ಚಿಕ್ಕ ಜೀವಕ್ಕೆ ಅಷ್ಟು ದೊಡ್ಡ ಸಂಸಾರ, ಚಿಕ್ಕ ಕಾರಿನಲ್ಲಿ ಮಗು ಹಿಡಿಸಿದರೆ ಮನೆಯವರು ಹಿಡಿಸುವುದಿಲ್ಲ, ಮನೆಯವರು ಹಿಡಿಸಿದರೆ ಸಾಮಾನು ಹಿಡಿಸುವುದಿಲ್ಲ. ದೊಡ್ಡ ಗಾಡಿ ತಗೊಳ್ಳೋಣ, ಅಂದ ಮಗ, ಎಸ್‌ಯುವಿ ಅನ್ನಬೇಕಂತೆ, ಚೂಟಿ ತಿದ್ದುತ್ತಾಳೆ, ನನ್ನ ಬಾಯಿಗೆ ಅದು ದೊಡ್ಡ ಗಾಡಿಯೇ. ಬಂದ ದಿನ ಬೀದಿಯವರೆಲ್ಲ ಸುತ್ತ ನಿಂತು ನೋಡಿದರು, ಎಷ್ಟು ಕೊಡುತ್ತೆ, ಎಷ್ಟು ಕೊಡುತ್ತೆ ಲೀಟರಿಗೆ, ಎಲ್ಲರದೂ ಅದೇ ಪ್ರಶ್ನೆ, ಇವರು ಮಾತ್ರ ಗಂಭೀರವಾಗಿ, ನಾವೇನು ಬಲವಂತ ಮಾಡಿಲ್ಲ, ಅದಾಗಿ ಕೊಟ್ಟಷ್ಟು ತಗೋತೀವಿ, ಅಂದುಬಿಟ್ಟರು. ಅಬ್ಬ, ಏನು ಎತ್ತರ, ಏನು ಹೊಳಪು, ಟೈರುಗಳೇ ನನ್ನ ಸೊಂಟದ ತನಕ, ಎಂಥ ಗುಂಡಿ ಬಂದರೂ ತಳ ತಾಗಲ್ಲ ಅಮ್ಮ, ಅಂದ ಮಗ ಹೆಮ್ಮೆಯಿಂದ, ಬನ್ನಿ ಅತ್ತೆ ಕೂತ್ಕೊಳ್ಳಿ, ಬಾಗಿಲು ತೆರೆದಳು ಸೊಸೆ, ನಾನು ಒಂದು ಕಾಲು ಎತ್ತಿದೆ, ಅದು ಒಳಗೆ ಹೋಗಲಿಲ್ಲ, ಇನ್ನೊಂದು ಎತ್ತಿದೆ, ಅದೂ ಹೋಗಲಿಲ್ಲ. ಮೇಲೆ ಹಿಡಿ ಇದೆ ನೋಡಿ, ಅದನ್ನ ಹಿಡ್ಕೊಂಡು ಎಳ್ಕೊಳ್ಳಿ, ಅಂದಳು, ಹಿಡಿ ಇದ್ದದ್ದು ಚಾವಣಿಗೆ ಅಂಟಿಕೊಂಡು, ನನ್ನ ತೋಳು ಕಿವಿಯಿಂದ ಮೇಲೆ ಏಳುವುದಿಲ್ಲ ಎನ್ನುವುದು ಯಾರಿಗೆ ನೆನಪಿತ್ತು, ಆಸ್ಪತ್ರೆಯ ಲಾಂಡ್ರಿಯಲ್ಲಿ ನೀರು ಕುಡಿದ ಹಾಸುಬಟ್ಟೆ ಎತ್ತಿ ಎತ್ತಿ ಬಿಗಿದುಕೊಂಡ ಭುಜ, ನನಗೇ ಮರೆತಿತ್ತು. ನೀವು ಒಂದು ಸುತ್ತು ಹೋಗಿ ಬನ್ನಿ, ನಾನು ಮನೆ ನೋಡ್ಕೊತೀನಿ, ಅಂದೆ, ಮನೆ ಎಲ್ಲಿಗೂ ಹೋಗುವುದಿಲ್ಲ ಅಂತ ನನಗೂ ಗೊತ್ತು, ಹೊಸ ಗಾಡಿಯಲ್ಲಿ ಇವತ್ತೇ ಬರ್ತೀನಿ ಅಂತ ಅಕ್ಕನಿಗೆ ಹೇಳಿಟ್ಟದ್ದು ಹಾಗೇ ಉಳಿಯಿತು.

ಆಮೇಲೆ ಮಣೆಯ ಪ್ರಕರಣ. ಇವರು ಬಡಗಿಯ ಹತ್ತಿರ ಹೇಳಿ ಒಂದು ಗಟ್ಟಿ ಮಣೆ ಮಾಡಿಸಿ ತಂದರು, ಮಣೆ ಹತ್ತಿ ಕಾರು ಹತ್ತು, ಬಹಳ ಸುಲಭ, ಅಂದರು, ನಿಜಕ್ಕೂ ಸುಲಭವೇ, ಹತ್ತಿ ಕೂತೆ, ಎಲ್ಲರೂ ಚಪ್ಪಾಳೆ ಹೊಡೆದರು, ಅಕ್ಕನಿಗೆ ಫೋನು ಮಾಡಿ ಬಂದೆ ಕಣೇ ಅಂದೆ, ಮಗ ರಿವರ್ಸ್ ತೆಗೆದ, ಕರಕ್! ಇಳಿದು ನೋಡಿದರೆ ಮಣೆ ನಾಲ್ಕು ಹೋಳು, ಅದನ್ನು ಎತ್ತಿ ಒಳಗಿಡಬೇಕೆಂದು ಯಾರಿಗೂ ತೋಚಿರಲಿಲ್ಲ, ಹತ್ತಿಸಿದ ಸಂಭ್ರಮದಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡು ಕೂತುಬಿಟ್ಟಿದ್ದೆವು, ಹಿಂದಿನ ಕ್ಯಾಮೆರಾದಲ್ಲಿ ಕಾಣಲಿಲ್ವೇನೋ, ಅಂದರೆ ಅದು ಪಕ್ಕದಲ್ಲಿತ್ತು ಅಪ್ಪ, ಹಿಂದೆ ಅಲ್ಲ, ಅಂತ ಮಗ. ಸರಿ, ಮಣೆ ಹೋದರೆ ಹೋಗಲಿ, ಹೋಗೋಣ ಅಂದರೆ ಅಲ್ಲಿ ಇಳಿಯುವುದು ಹೇಗೆ, ಮತ್ತೆ ಹತ್ತುವುದು ಹೇಗೆ, ನನ್ನನ್ನು ಮೂವರು ಸೇರಿ ಗೋದಿ ಮೂಟೆ ಇಳಿಸಿದ ಹಾಗೆ ಇಳಿಸಿದರು, ಅಕ್ಕನಿಗೆ ಮತ್ತೆ ಫೋನು, ಬರಕ್ಕಾಗ್ಲಿಲ್ಲ ಕಣೇ. ಇರಲಿ ಬಿಡೇ ಗುಬ್ಬಿ, ಅಂದಳು, ಅವಳ ಬಾಯಲ್ಲಿ ನಾನು ಇವತ್ತಿಗೂ ಗುಬ್ಬಿ, ಗುಬ್ಬಿ ಈಗ ಎಷ್ಟು ತೂಗುತ್ತದೆ ಎಂದು ಹೊತ್ತವರಿಗೆ ಗೊತ್ತು, ಇರಲಿ ಬಿಡೇ, ಫೋನಿದೆಯಲ್ಲ. ಫೋನಿದೆ, ದಿನಾ ಸಂಜೆ ಫೋನಿದೆ, ಆದರೆ ಫೋನಿನಲ್ಲಿ ಅಕ್ಕ ಸುಮ್ಮನಾದರೆ ಮುಗುಳ್ನಗುತ್ತಿದ್ದಾಳೋ ಕಣ್ಣೊರೆಸಿಕೊಳ್ಳುತ್ತಿದ್ದಾಳೋ ಹೇಗೆ ಗೊತ್ತಾಗಬೇಕು, ಪರದೆಯಲ್ಲಿ ಮುಖ ತೋರಿಸುವ ಫೋನು ಕೊಟ್ಟರೆ ಅವಳು ಅದನ್ನು ಕಿವಿಗೇ ಇಟ್ಟುಕೊಳ್ಳುತ್ತಾಳೆ, ನನಗೆ ಬರೀ ಅವಳ ಓಲೆ ಕಾಣುತ್ತದೆ. ಆರೇಳು ತಿಂಗಳು ಓಲೆಯನ್ನೇ ನೋಡಿದ್ದಾಯಿತು.

ಸಿಗ್ನಲ್ಲು, ಕೆಂಪು, ಬ್ರೇಕು, ಕ್ಲಚ್ಚು, ನ್ಯೂಟ್ರಲ್ಲು, ನಿಂತಿತು, ಎಷ್ಟು ಚೆನ್ನಾಗಿ ನಿಂತಿತು, ಯಾರೂ ನೋಡಲಿಲ್ಲ, ಚೆನ್ನಾಗಿ ನಿಲ್ಲಿಸಿದ್ದನ್ನು ಯಾರೂ ನೋಡುವುದಿಲ್ಲ. ಪಕ್ಕಕ್ಕೆ ಒಂದು ಚಿಕ್ಕ ಕಾರು ಬಂದು ನಿಂತಿದೆ, ನಾನು ಮೇಲಿನಿಂದ ಅದರ ಒಳಗೆಲ್ಲ ನೋಡುತ್ತೇನೆ, ಮಹಡಿಯಿಂದ ಪಕ್ಕದ ಮನೆಯ ಅಂಗಳ ನೋಡಿದ ಹಾಗೆ, ಒಬ್ಬ ಬನ್ನು ತಿನ್ನುತ್ತಿದ್ದಾನೆ, ಚೂರುಗಳು ಅಂಗಿಯ ಮೇಲೆ, ಕತ್ತೆತ್ತಿ ನನ್ನನ್ನು ನೋಡಿದ, ಬಾಯಿ ಅಗಿಯುವುದನ್ನು ನಿಲ್ಲಿಸಿದ, ಬಿಳಿ ತಲೆಯ ಹೆಂಗಸು ಇಷ್ಟು ಎತ್ತರದಲ್ಲಿ, ನಾನು ಗಾಂಭೀರ್ಯದಿಂದ ತಲೆ ಆಡಿಸಿದೆ, ಅವನೂ ಆಡಿಸಿದ, ಹಸಿರು, ಹೊರಟೆ. ಈ ಎತ್ತರ ನನಗೆ ದಕ್ಕಿದ್ದು ಇವತ್ತಿಗೂ ನಗು ಬರುವ ಸಂಗತಿ. ಮಗ ಗಾಡಿ ತೊಳೆಯುತ್ತಿದ್ದ ಒಂದು ಬೆಳಿಗ್ಗೆ, ನಾಲ್ಕೂ ಬಾಗಿಲು ತೆರೆದಿತ್ತು, ಗುಂಡ ಹಾಲು ಕಕ್ಕಿದ ವಾಸನೆ ಹೋಗಲಿ ಅಂತ, ಆ ವಾಸನೆ ಇವತ್ತಿಗೂ ಪೂರ್ತಿ ಹೋಗಿಲ್ಲ, ನಡುವಿನ ಸೀಟಿನ ಸಂದಿಯಲ್ಲಿ ಎಲ್ಲೋ ಕೂತಿದೆ, ನನ್ನ ಕನ್ನಡಕ ಡ್ರೈವರ್ ಸೀಟಿನ ಮೇಲೆ ಬಿಟ್ಟಿದ್ದ ಮಗ, ತಗೊಳ್ಳೋಕೆ ಹೋದೆ, ಎಟುಕಲಿಲ್ಲ, ಸ್ಟೀರಿಂಗ್ ಹಿಡಿದುಕೊಂಡು ಬಗ್ಗಿದೆ, ಕಾಲು ತಾನಾಗಿ ಬಾಗಿಲ ಅಂಚಿನ ಮೇಲೆ ಹೋಯಿತು, ಎರಡೂ ಕೈ ಸ್ಟೀರಿಂಗ್ ಮೇಲೆ, ಎದೆಯ ಮಟ್ಟಕ್ಕೆ, ಭುಜಕ್ಕೆ ನೋವಿಲ್ಲ, ಒಂದು ಸಲ ಜಗ್ಗಿದೆ, ಕೂತೇಬಿಟ್ಟೆ! ಕೂತು ಸುತ್ತ ನೋಡಿದೆ. ಮಗ ಪೈಪು ಹಿಡಿದುಕೊಂಡು ನನ್ನನ್ನೇ ನೋಡುತ್ತ ನಿಂತ, ನೀರು ಅವನ ಚಪ್ಪಲಿಗೇ ಬೀಳುತ್ತಿತ್ತು. ಅಮ್ಮಾ, ಹೇಗೆ ಹತ್ತಿದೆ? ಹೀಗೆ, ಅಂದೆ, ಇಳಿದು ಮತ್ತೆ ಹತ್ತಿ ತೋರಿಸಿದೆ, ಮತ್ತೊಂದು ಸಲ, ಸೊಸೆ ಬಂದಳು, ಇವರು ಬಂದರು, ಅವರಿಗೂ ತೋರಿಸಿದೆ, ಸರ್ಕಸ್ಸಿನ ಹಾಗಾಯಿತು. ಹಾಗಾದರೆ ಇಲ್ಲಿಂದ ಹತ್ತಿ ಪಕ್ಕದ ಸೀಟಿಗೆ ಜರುಗಿಬಿಡಿ ಅತ್ತೆ, ಅಂದಳು ಸೊಸೆ, ಜರುಗಿದೆ, ಗೇರಿನ ಕೋಲು ಒಂದು ಕಡೆ, ಹ್ಯಾಂಡ್ ಬ್ರೇಕು ಒಂದು ಕಡೆ, ಎರಡರ ನಡುವೆ ನಾನು, ಹಿಂದೆಯೂ ಇಲ್ಲ ಮುಂದೆಯೂ ಇಲ್ಲ, ಸೀರೆಯ ನೆರಿಗೆ ಗೇರಿಗೆ ಸುತ್ತಿಕೊಂಡಿತು, ಹಾರ್ನಿನ ಮೇಲೆ ಮೊಣಕೈ, ಬೀದಿಗೆಲ್ಲ ಕೇಳುವ ಹಾಗೆ ಪೇಂ ಅನ್ನುತ್ತಿದೆ, ನಗು ಬಂದು ಬಿಟ್ಟಿದೆ, ನಗು ಬಂದರೆ ನನಗೆ ಕೈಕಾಲಲ್ಲಿ ಶಕ್ತಿ ಇರುವುದಿಲ್ಲ, ಎಳೆಯುವವರಿಗೂ ನಗು, ಅವರಿಗೂ ಶಕ್ತಿ ಇಲ್ಲ, ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಕೊನೆಗೆ ಮಗ ಕಣ್ಣೊರೆಸಿಕೊಂಡು, ಅಮ್ಮ, ನಿನಗೆ ಈ ಗಾಡಿಲಿ ಡ್ರೈವರ್ ಸೀಟು ಒಂದೇ ಆಗೋದು, ಇನ್ನು ನೀನೇ ಓಡಿಸಬೇಕು ನೋಡು, ಅಂದ, ತಮಾಷೆಗೆ ಅಂದ ಪಾಪ. ನನಗೆ ಅದು ತಮಾಷೆಯಾಗಿ ಕೇಳಲಿಲ್ಲ. ಹೌದಲ್ಲ, ಅಂದೆ.

ಈ ವಯಸ್ಸಲ್ಲಾ, ಅಂದರು ಇವರು. ಯಾವ ವಯಸ್ಸಲ್ಲಿ ಹೇಳಿ, ಅಂದೆ. ಅವರು ಪುಸ್ತಕ ತೆರೆದು ಹುಡುಕಿದರು, ಅದರಲ್ಲಿ ಅದು ಇರಲಿಲ್ಲ. ಸೊಸೆ ಮಾತ್ರ ಮರುದಿನವೇ ಶಾಲೆಗೆ ಸೇರಿಸಿ ಬಂದಳು, ಅತ್ತೆ, ನೀವು ಕಲಿತರೆ ನನಗೆ ರಜಾ, ಅಂದಳು. ಕಣ್ಣಿನ ಡಾಕ್ಟರು ಕಣ್ಣು ನೋಡಿ ಚೆನ್ನಾಗಿದೆ ಅಂದರು, ಮಂಡಿಯ ಡಾಕ್ಟರು ಕ್ಲಚ್ಚು ಒತ್ತುವುದು ವ್ಯಾಯಾಮವೇ ಅಂದರು, ಇವರ ಮುಖ ಹುಳ್ಳಗಾಯಿತು. ಶಾಲೆಯ ಹುಡುಗಿಯ ಕಾಲ ಕೆಳಗೂ ಒಂದು ಬ್ರೇಕು, ಅದನ್ನು ಅವಳು ಮೊದಲ ವಾರ ಒತ್ತಿದ್ದೇ ಒತ್ತಿದ್ದು, ಆಮೇಲಾಮೇಲೆ ಕಾಲು ಮಡಚಿಕೊಂಡು ಕೂತಳು, ಅಮ್ಮ, ತಿರುವಿನಲ್ಲಿ ಹಿಂದಿನ ಚಕ್ರ ಒಳಗೆ ಕಡಿಯುತ್ತೆ ಅಂತ ಎಲ್ಲರಿಗೂ ತಿಂಗಳಗಟ್ಟಲೆ ಹೇಳ್ಬೇಕು, ನಿಮಗೆ ಹೇಗೆ ಗೊತ್ತು, ಅಂದಳು. ಗೊತ್ತಿಲ್ಲದೆ ಏನು, ಲಾಂಡ್ರಿಯ ಟ್ರಾಲಿ ಇದಕ್ಕಿಂತ ಉದ್ದ ಇತ್ತು, ನಾಲ್ಕು ವಾರ್ಡಿನ ಬಟ್ಟೆ ಒಂದೇ ಸಲಕ್ಕೆ, ಓಣಿಯ ಮೂಲೆಯಲ್ಲಿ ಬೇಗ ತಿರುಗಿಸಿದರೆ ಹಿಂದಿನ ಮೂಲೆ ಗೋಡೆಯ ಸುಣ್ಣ ಕಿತ್ತುಕೊಂಡು ಬರುತ್ತಿತ್ತು, ಮುಂದೆ ಹೋಗಿ, ಇನ್ನೂ ಮುಂದೆ ಹೋಗಿ, ಆಮೇಲೆ ತಿರುಗಿಸಬೇಕು, ನರ್ಸುಗಳು ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದರು, ದಾರಿ ಬಿಡ್ರೇ ರೈಲು ಬಂತು, ಅಂತ ಕೂಗುತ್ತಿದ್ದರು, ಆ ಬಿಸಿ ಬಟ್ಟೆಯ ವಾಸನೆ, ಸೋಪು, ಆವಿ, ಬೆಳಗಿನ ಬಿಸಿಲು ಉದ್ದನೆಯ ಓಣಿಯಲ್ಲಿ, ನಾನು ಟ್ರಾಲಿಯ ಹಿಂದೆ, ಎದುರಿನದು ಏನೂ ಕಾಣುವುದಿಲ್ಲ, ಆದರೂ ಗೊತ್ತಾಗುತ್ತದೆ, ಕೈಗೆ ಗೊತ್ತಾಗುತ್ತದೆ. ಇಲ್ಲೂ ಹಾಗೇ ಈಗ, ಮಾರುಕಟ್ಟೆಯ ಮೂಲೆ, ತರಕಾರಿ ಗಾಡಿಗಳು ರಸ್ತೆಗೇ ಬಂದಿವೆ, ಒಬ್ಬಾಕೆ ಕೊಡೆ ಬಿಚ್ಚಿಕೊಂಡು ನಡುವೆ ನಿಂತು ಟೊಮೇಟೊ ಒತ್ತಿ ನೋಡುತ್ತಿದ್ದಾಳೆ, ಮುಂದೆ ಹೋಗು, ಇನ್ನೂ ಮುಂದೆ, ಈಗ ತಿರುಗಿಸು, ನಿಧಾನ, ಕೊಡೆಯ ಕಡ್ಡಿ ಕನ್ನಡಿಯ ಪಕ್ಕದಲ್ಲೇ ಹಾದುಹೋಯಿತು, ತಾಗಲಿಲ್ಲ, ಸಬಾಷ್, ಅಂದದ್ದು ಯಾರು, ಇವರಾ? ಇವರೇ. ಬೆಲ್ಟಿನ ಮೇಲೆ ಒಂದೇ ಕೈ ಇದೆ ಈಗ.

ಹೊರಟ ಕೂಡಲೇ ಪೆಟ್ರೋಲು ಪಂಪಿನಲ್ಲಿ ಇವರದೇ ಓಡಾಟ, ಏಳು ಜನ ಕೂತರೆ ಹಿಂದಿನ ಟೈರಿಗೆ ಗಾಳಿ ಹೆಚ್ಚಿಗೆ ಬೇಕು, ಪುಸ್ತಕದಲ್ಲಿದೆ, ಬಾಗಿಲಿನ ಅಂಚಿನ ಚೀಟಿಯಲ್ಲೂ ಇದೆ, ಬೇಕಾದರೆ ನೋಡಿ, ಅಂತ ಪಂಪಿನವನಿಗೆ ಚೀಟಿ ತೋರಿಸಿ ಗಾಳಿ ಹಾಕಿಸಿದರು, ಆರೇ ಜನ ಇದ್ದೀರಲ್ಲ ಸಾರ್, ಅಂದ ಅವನು, ಬರುವಾಗ ಏಳು, ಅಂದರು ಇವರು, ಅದನ್ನು ಕೇಳಿ ನಾನು ಕನ್ನಡಿಯಲ್ಲಿ ಚೂಟಿಯ ಪಕ್ಕದ ಖಾಲಿ ಸೀಟು ನೋಡಿಕೊಂಡೆ. ಅಲ್ಲೇ ಪೆಟ್ರೋಲು ಹಾಕಿಸುವಾಗ ಮುಚ್ಚಳ ಯಾವ ಕಡೆ ಅಂತ ಮಗನೂ ನಾನೂ ವಾದ, ಇವರು ಕೂತಲ್ಲಿಂದಲೇ, ಪೆಟ್ರೋಲಿನ ಮುಳ್ಳಿನ ಪಕ್ಕ ಪುಟ್ಟ ಬಾಣದ ಗುರುತು ನೋಡ್ರೋ, ಅದು ಯಾವ ಕಡೆ ತೋರಿಸುತ್ತೋ ಆ ಕಡೆ, ಅಂದರು, ಎಷ್ಟು ವರ್ಷದಿಂದ ಓಡಿಸುತ್ತಿದ್ದಾನೆ ಮಗ, ಆ ಬಾಣ ನೋಡೇ ಇರಲಿಲ್ಲ, ಕಾರು ಓಡಿಸಲು ಬಾರದ ಮನುಷ್ಯನ ಮುಖದಲ್ಲಿ ಇವತ್ತಿನ ಬಿಸಿಲೆಲ್ಲ ಇತ್ತು. ಹಿಂದೆ ಗಾಳಿ ಬರ್ತಿಲ್ಲ ಅಜ್ಜೀ, ಚೂಟಿ, ಮೇಲೆ ತೂತು ಇದೆ ನೋಡೇ, ಅದನ್ನ ನಿನ್ನ ಕಡೆ ತಿರುಗಿಸ್ಕೋ, ಅಂದೆ, ನಾನು ಮೂರನೇ ಸಾಲಿನಲ್ಲಿ ಒಂದು ಸಲವೂ ಕೂತವಳಲ್ಲ, ಕೂರುವುದೂ ಇಲ್ಲ, ಆದರೂ ಅಲ್ಲಿ ಏನೇನಿದೆ ಅಂತ ಗೊತ್ತು, ಮನೆಯೊಡತಿಗೆ ಅಟ್ಟದ ಮೇಲಿನದು ಗೊತ್ತಿರುವ ಹಾಗೆ. ಅಕ್ಕನಿಗೆ ನಾನು ಏನೂ ಹೇಳಿಲ್ಲ, ಶಾಲೆಗೆ ಸೇರಿದ್ದು ಹೇಳಿಲ್ಲ, ಪರೀಕ್ಷೆ ಪಾಸಾದದ್ದು ಹೇಳಿಲ್ಲ, ಹೇಳಿದ್ದರೆ ಅವಳು ದಿನಾ ರಾತ್ರಿ ನಿದ್ದೆಗೆಡುತ್ತಿದ್ದಳು, ನಾನು ಕುರ್ಚಿ ಹತ್ತಿ ಬಲ್ಬು ಹಾಕುತ್ತೇನೆ ಅಂದರೂ ಫೋನಿನಲ್ಲೇ ಕಿರುಚುವವಳು. ಭಾನುವಾರ ಎಲ್ಲ ಬರ್ತೀವಿ, ನಿನ್ನನ್ನ ಕರ್ಕೊಂಡು ಬರ್ತೀವಿ, ಒಂದು ವಾರ ನಮ್ಮನೇಲಿ ಇರ್ಬೇಕು, ಬಟ್ಟೆ ತುಂಬಿಟ್ಕೋ, ಇಷ್ಟೇ ಹೇಳಿದ್ದು, ಅವಳ ತೋಳು ಇನ್ನೂ ಗಟ್ಟಿ, ಮೇಲಿನ ಹಿಡಿ ಹಿಡಿದುಕೊಂಡು ಮಗ ಎತ್ತಿದರೆ ಹತ್ತುತ್ತಾಳೆ, ಆದರೆ ನಾನು ಹೋಗಿ ಕರೆಯದೆ ಹೊರಡುವವಳಲ್ಲ. ನೀನು ಹೇಗೆ ಹತ್ತುತ್ತೀಯೇ, ಅಂದಳು. ಹೇಗೋ ಹತ್ತುತ್ತೀನಿ. ಹೂಂ, ಅಂದಳು, ನಾನು ಓಲೆ ನೋಡುತ್ತಿದ್ದೆ, ಓಲೆ ಅಲ್ಲಾಡಲಿಲ್ಲ.

ಸೇತುವೆ ದಾಟಿತು, ನೀರು ನೋಡಲಿಲ್ಲ, ಬರುವಾಗ ನೋಡುತ್ತೇನೆ, ಬರುವಾಗಲೂ ನಾನೇ ಓಡಿಸುವುದಲ್ಲವೇ, ಹಾಗಾದರೆ ಆಗಲೂ ನೋಡುವಂತಿಲ್ಲ, ಓಡಿಸುವವರಿಗೆ ಇದೊಂದು ನಷ್ಟ. ಟ್ಯಾಂಕು ಕಾಣಿಸಿತು, ಅದರ ಕೆಳಗೆ ಏರು, ಎದ್ದು ನಿಂತ ಗೋಡೆಯ ಹಾಗೆ. ಇಲ್ಲಿ ಇಷ್ಟು ಕಡಿದಾಗಿತ್ತೇ, ಚಿಕ್ಕ ಕಾರಿನಲ್ಲಿ ಪಕ್ಕದಲ್ಲಿ ಕೂತು ಮಾತಾಡಿಕೊಂಡು ಹೋಗುವಾಗ ಗೊತ್ತೇ ಆಗುತ್ತಿರಲಿಲ್ಲ. ಒಂದನೇ ಗೇರು, ಅಂದ ಮಗ, ಹಾಕಿದ್ದೀನಿ ಕಣೋ, ಅಂದೆ, ಗಾಡಿ ಮೂಗು ಮೇಲೆತ್ತಿತು, ಎದುರಿಗೆ ಬಾನೆಟ್ಟು ಮತ್ತು ಆಕಾಶ, ರಸ್ತೆಯೇ ಇಲ್ಲ, ದೂರ ನೋಡಿ ಅಮ್ಮ ಅಂದರೆ ದೂರದಲ್ಲಿ ಮೋಡ ಇದೆ, ಏರುತ್ತಿದೆ, ಏರುತ್ತಿದೆ, ಗುರ್ರ್ ಅಂತ ಸಿಟ್ಟು ಬಂದವರ ಹಾಗೆ ಏರುತ್ತಿದೆ, ಅರ್ಧಕ್ಕೆ ಬಂದೆವು, ಆಕಾಶದಿಂದ ಒಂದು ವ್ಯಾನು ಇಳಿಯಿತು. ಯಾರೋ ಮನೆ ಬದಲಾಯಿಸುತ್ತಿದ್ದಾರೆ, ವ್ಯಾನಿನ ನೆತ್ತಿಯ ಮೇಲೆ ಹಾಸಿಗೆ, ಅದರ ಮೇಲೆ ಕುರ್ಚಿ ಕಾಲು ಮೇಲೆ ಮಾಡಿಕೊಂಡು, ಅಷ್ಟಗಲ ವ್ಯಾನಿಗೂ ಇಷ್ಟಗಲ ನಮಗೂ ಆ ರಸ್ತೆಯಲ್ಲಿ ಜಾಗ ಇಲ್ಲ, ನಿಲ್ಲಿಸಿದೆ, ಗೋಡೆಗೆ ಒರಗಿಸಿ ನಿಲ್ಲಿಸಿದೆ, ಕನ್ನಡಿ ಮಡಚು, ಅಂದರು ಇವರು, ಬಟನ್ನು ಎಲ್ಲಿದೆ ಅಂತಲೂ ಅವರೇ ಹೇಳಿದರು, ಕನ್ನಡಿಗಳು ಕಿವಿ ಮಡಚಿದ ಹಾಗೆ ಮಡಚಿಕೊಂಡವು, ವ್ಯಾನು ಒಂದೊಂದೇ ಗೇಣು ಜಾರಿಕೊಂಡು ಪಕ್ಕದಲ್ಲಿ ಹಾದುಹೋಯಿತು, ಅದರ ಡ್ರೈವರ್ ಗಾಜಿನಿಂದ ನನ್ನನ್ನು ನೋಡಿ, ಥ್ಯಾಂಕ್ಸ್ ಅಜ್ಜೀ, ಅಂದ. ಹೋಯಿತು. ಈಗ ನಾನು ಹೊರಡಬೇಕು.

ಹೊರಟೆ, ಧಡಕ್ ಅಂತು, ಆಫ್. ಮತ್ತೆ ಚಾಲು, ಕ್ಲಚ್ಚು ಬಿಟ್ಟೆ, ಧಡಕ್, ಆಫ್, ಗಾಡಿ ಒಂದು ಮೊಳ ಹಿಂದಕ್ಕೆ ಜಾರಿತು, ಬ್ರೇಕು ಒತ್ತಿ ಹಿಡಿದೆ, ಒಳಗಿದ್ದವರೆಲ್ಲ ಒಟ್ಟಿಗೆ ಉಸಿರೆಳೆದುಕೊಂಡರು, ಗುಂಡ ಮಾತ್ರ ಕೇಕೆ ಹಾಕಿದ, ಅವನಿಗೆ ಜಾರುಬಂಡಿ. ಹಿಂದೆ ಒಂದು ಸ್ಕೂಟರು, ಅದರ ಹಿಂದೆ ಒಂದು ಕಾರು, ಹಾರ್ನು, ಇನ್ನೊಂದು ಹಾರ್ನು. ಅಂಗೈ ಒದ್ದೆ, ಬೆನ್ನು ಒದ್ದೆ, ಬ್ರೇಕಿನ ಮೇಲಿನ ಕಾಲು ತಂತಿಯ ಹಾಗೆ ನಡುಗುತ್ತಿದೆ. ಅಮ್ಮ, ನೀನು ಇಳಿ, ನಾನು ಮೇಲಕ್ಕೆ ತಗೊಂಡು ಹೋಗ್ತೀನಿ, ಮಗ, ಬಾಗಿಲಿನ ಹಿಡಿಯ ಮೇಲೆ ಕೈ ಇಟ್ಟದ್ದು ಕನ್ನಡಿಯಲ್ಲಿ ಕಂಡಿತು, ಕೆಟ್ಟ ಮನಸ್ಸಿನಿಂದ ಅಲ್ಲ, ಹೆದರಿಕೊಂಡೂ ಅಲ್ಲ, ನನ್ನ ಕಷ್ಟ ನೋಡಲಾರದೆ. ಇಳಿದರೆ ಈ ಇಳಿಜಾರಿನಲ್ಲಿ ಮತ್ತೆ ಹತ್ತುವುದು ಹೇಗೆ, ನಾನು ಇಲ್ಲಿ ಗೋಡೆಗೆ ಒರಗಿ ನಿಂತಿರುತ್ತೇನೆ, ಗಾಡಿ ಅಲ್ಲಿ ಗೇಟಿಗೆ ಹೋಗುತ್ತದೆ, ಅಕ್ಕ ಒಳಗೆ ಬಗ್ಗಿ ನೋಡುತ್ತಾಳೆ, ಮೂರನೇ ಸಲ. ಏನು ಮಾಡಲಿ ಅಂತ ಪಕ್ಕಕ್ಕೆ ನೋಡಿದೆ. ಕೂತ್ಕೊಳೋ, ಅಂದರು ಇವರು, ನನಗಲ್ಲ, ಮಗನಿಗೆ, ಅವಳು ಇಳಿಯಲ್ಲ. ಆಮೇಲೆ ನನ್ನ ಕಡೆ ತಿರುಗಿ, ದನಿ ಏರಿಸದೆ, ಅಚ್ಚಿನ ಮನೆಯಲ್ಲಿ ಕರಡು ಓದಿ ಹೇಳುವ ದನಿಯಲ್ಲಿ, ನೋಡು, ಏರಿನಲ್ಲಿ ಬ್ರೇಕಿನಿಂದ ಕಾಲು ತೆಗೆದ ಮೇಲೂ ಈ ಗಾಡಿ ಒಂದು ಕ್ಷಣ ತಾನಾಗಿ ಹಿಡ್ಕೊಂಡಿರುತ್ತೆ, ಆ ಕ್ಷಣದಲ್ಲಿ ನೀನು ಪೆಟ್ರೋಲು ಕೊಡಬೇಕು, ಗಾಬರಿ ಆಗಿ ಕ್ಲಚ್ಚು ಬಿಡಬೇಡ, ಅಂದರು. ಪುಸ್ತಕದಲ್ಲಿ ತಪ್ಪು ಬಹಳ ಇದೆ ಅಂದಿದ್ರಲ್ಲ, ಅಂದೆ. ಈ ವಾಕ್ಯದಲ್ಲಿ ತಪ್ಪಿಲ್ಲ, ಅಂದರು, ಮೂರು ಸಲ ಓದಿದ್ದೀನಿ.

ಮೂರು ಸಲ ಓದಿದ್ದಾರೆ. ಯಾವಾಗ ಓದಿದರು, ಈ ವಯಸ್ಸಲ್ಲಾ ಅಂದ ಮನುಷ್ಯ, ಈ ಏರು ನನ್ನ ದಾರಿಯಲ್ಲಿ ಬರುತ್ತದೆ ಅಂತ ಯಾವಾಗ ಕೂತು ಯೋಚಿಸಿದರು. ಕಾಲಿನ ನಡುಕ ನಿಂತಿತು, ಹೇಗೆ ನಿಂತಿತೋ. ಲಾಂಡ್ರಿಯಿಂದ ಮೇಲಿನ ವಾರ್ಡಿಗೆ ಹೋಗುವ ಜಾರುದಾರಿ, ತುಂಬಿದ ಟ್ರಾಲಿ, ನಡುವೆ ನಿಂತರೆ ಅದರ ಭಾರವೆಲ್ಲ ಎದೆಯ ಮೇಲೆ, ನೂಕಬಾರದು, ಮೊದಲು ಒರಗಬೇಕು, ಒರಗಿ ಭಾರ ತಗೋಬೇಕು, ಭಾರ ನಿನ್ನದಾಯಿತು ಅಂತ ಅನಿಸಿದ ಮೇಲೆ ಹೆಜ್ಜೆ. ಕ್ಲಚ್ಚು ನಿಧಾನಕ್ಕೆ ಮೇಲೆ, ಇನ್ನೂ ಮೇಲೆ, ಗಾಡಿಯ ಮೈ ಸಣ್ಣಗೆ ಕಂಪಿಸಿತು, ಬಾನೆಟ್ಟು ಒಂದು ಕೂದಲೆಳೆಯಷ್ಟು ಎದ್ದಿತು, ಭಾರ ನನ್ನದಾಯಿತು, ಬ್ರೇಕಿನಿಂದ ಕಾಲು ತೆಗೆದೆ, ತೆಗೆದೇಬಿಟ್ಟೆ, ಜಾರಲಿಲ್ಲ! ಆ ಕ್ಷಣ, ಅವರು ಹೇಳಿದ ಕ್ಷಣ, ಗಾಡಿ ಉಸಿರು ಹಿಡಿದು ನಿಂತಿದೆ, ನಾನೂ, ಪೆಟ್ರೋಲು, ಇನ್ನಷ್ಟು, ಹೊರಟಿತು, ಹೊರಟಿತು, ಹೊರಟಿತು, ಚೂಟಿ ಕಿರುಚುತ್ತಿದ್ದಾಳೆ, ಸೊಸೆ ನನ್ನ ಭುಜ ಹಿಡಿದು ಅಲ್ಲಾಡಿಸಲು ಹೋಗಿ ನಾಲಿಗೆ ಕಚ್ಚಿಕೊಂಡು ಬಿಟ್ಟಳು, ಮಗ ಹಿಂದಿನ ಸ್ಕೂಟರಿನವನಿಗೆ ಗಾಜಿನಿಂದ ಕೈ ಬೀಸುತ್ತಿದ್ದಾನೆ, ಅವನೂ ಬೀಸುತ್ತಿದ್ದಾನೆ, ಇವರು ಬೆಲ್ಟು ಬಿಟ್ಟು ಪುಸ್ತಕ ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಾರೆ, ಮೀಸೆಯ ಕೆಳಗೆ ನಗು, ಆಕಾಶ ಮೆಲ್ಲಗೆ ಕೆಳಗಿಳಿದು ಅದರ ಜಾಗದಲ್ಲಿ ರಸ್ತೆ ಬಂತು, ಸಮತಟ್ಟು, ಟ್ಯಾಂಕಿನ ನೆರಳು, ಬಟ್ಟೆ ಒಣಹಾಕಿದ ಮಹಡಿಗಳು, ಬಾಗಿಲಲ್ಲಿ ಕೂತು ಪೇಪರು ಓದುವ ಯಾರೋ, ಅಕ್ಕನ ಬೀದಿ.

ಅಕ್ಕ ನಿಂತಿದ್ದಾಳೆ. ಗೇಟಿನ ಹತ್ತಿರವೇ, ಒಂದು ಕೈಯಲ್ಲಿ ಊರುಗೋಲು, ಪಕ್ಕದಲ್ಲಿ ಚೀಲ, ತುಂಬಿಟ್ಟುಕೊಂಡ ಚೀಲ, ಹಾಗಾದರೆ ನಂಬಿದ್ದಾಳೆ, ಇಲ್ಲ, ಮುಖ ನೋಡಿದರೆ ನಂಬಿಲ್ಲ, ನಂಬದೆಯೂ ಚೀಲ ತುಂಬಿಟ್ಟಿದ್ದಾಳೆ. ನಿಧಾನಕ್ಕೆ ತಂದು ಗೇಟಿನ ಎದುರು ನಿಲ್ಲಿಸುತ್ತೇನೆ, ಚೆನ್ನಾಗಿ ನಿಂತಿತು, ಅಕ್ಕ ನನ್ನ ಕಡೆ ನೋಡಲಿಲ್ಲ, ಡ್ರೈವರ್ ಕಡೆ ಯಾರು ನೋಡುತ್ತಾರೆ, ಅವಳ ಕಣ್ಣು ಮೊದಲು ಇವರ ಕಡೆ, ಅಲ್ಲಿ ನಾನಿಲ್ಲ, ನಡುವಿನ ಸಾಲಿಗೆ, ಮಗ, ಸೊಸೆ, ಮಗು, ಅಲ್ಲೂ ಇಲ್ಲ, ಹಿಂದಿನ ಗಾಜಿಗೆ, ಹಣೆಗೆ ಕೈ ಅಡ್ಡ ಇಟ್ಟು ಬಗ್ಗಿ ನೋಡುತ್ತಾಳೆ, ಚೂಟಿ ಒಬ್ಬಳೇ, ಅವಳ ಪಕ್ಕದ ಸೀಟು ಖಾಲಿ. ಮುಖ ಮೆಲ್ಲಗೆ ಆರಿತು. ಆದರೂ ನಗು ತಂದುಕೊಂಡಳು, ಬಂದವರು ಬಂದಿದ್ದಾರಲ್ಲ ಅಂತ, ಗುಬ್ಬಿ ಬರ್ಲಿಲ್ವೇನ್ರೋ, ಅಂದಳು, ಗಾಜು ಮುಚ್ಚಿದ್ದರೂ ನನಗೆ ಕೇಳಿಸಿತು, ಚೂಟಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಾಳೆ, ಇವರು ಬರೀ ಗದ್ದ ಎತ್ತಿ ನನ್ನ ಕಡೆ ತೋರಿಸಿದರು. ಅಕ್ಕ ಮುಂದಿನಿಂದ ಸುತ್ತಿ ಬಂದಳು, ಕೋಲೂರಿಕೊಂಡು, ಬಾನೆಟ್ಟಿನ ಮೇಲೆ ಒಂದು ಕೈ ಸವರಿಕೊಂಡು, ನನ್ನ ಬಾಗಿಲ ಹತ್ತಿರ ನಿಂತು ಕತ್ತೆತ್ತಿದಳು. ನೋಡಿದಳು. ಸ್ಟೀರಿಂಗ್ ನೋಡಿದಳು, ನನ್ನ ಕೈ ನೋಡಿದಳು, ನನ್ನ ಮುಖ ನೋಡಿದಳು, ಕೋಲು ಗಾಡಿಗೆ ಒರಗಿಸಿ ಕೈ ಎತ್ತಿ ಗಾಜಿನ ಮೇಲೆ ಇಟ್ಟಳು, ತಟ್ಟಲಿಲ್ಲ, ಬರೀ ಇಟ್ಟಳು, ಪೂರ್ತಿ ಅಂಗೈ, ಪಾತ್ರೆ ತೊಳೆದು ಹಾಗೇ ಬಂದಿದ್ದಾಳೆ, ಒದ್ದೆ ಅಂಗೈ, ಅಮ್ಮ ಹ್ಯಾಂಡ್ ಬ್ರೇಕು, ಮಗ ಹೇಳುತ್ತಿದ್ದಾನೆ, ಎಳೆದೆ, ಗಾಜು ಇಳಿಸಬೇಕು, ಯಾವ ಬಟನ್ನು, ಸಾಲಾಗಿ ಇವೆ, ಒಂದು ಒತ್ತಿದೆ, ಹಿಂದೆ ಎಲ್ಲೋ ಸೊಸೆಯ ಗಾಜು ಇಳಿಯಿತು, ಇನ್ನೊಂದು ಒತ್ತಿದೆ, ಇವರದು, ಗಾಳಿ ಒಳಗೆ ಬಂತು, ಎಲ್ಲರ ನಗು ಹೊರಗೆ ಹೋಯಿತು, ನನ್ನ ಗಾಜು ಇಳಿಯಲಿಲ್ಲ, ಅಂಗೈ ಅಲ್ಲೇ ಇದೆ, ಎಷ್ಟು ಮಾತು ಕೂಡಿಟ್ಟುಕೊಂಡು ಬಂದಿದ್ದೆ, ಹೇಗೆ ಹತ್ತಿದೆ ಕೇಳೇ, ಮಣೆ ಮುರಿದದ್ದು ಕೇಳೇ, ಏರಿನಲ್ಲಿ ಏನಾಯಿತು ಕೇಳೇ, ಯಾವುದೂ ನಾಲಿಗೆಗೆ ಬರುತ್ತಿಲ್ಲ, ಗಾಜಿಗೆ ಒತ್ತಿ ಬೆಳ್ಳಗಾದ ಅಂಗೈ, ಬೆರಳಿನ ಸುತ್ತ ನೀರು, ಒಂದು ಹನಿ ಮಣಿಕಟ್ಟಿನಿಂದ ಬಿಡಿಸಿಕೊಂಡು ಕೆಳಗೆ ಜಾರುತ್ತಿದೆ, ಇಳಿಸಬೇಕು, ಬಟನ್ನು, ಅಂಗೈ, ಯಾವ ಬಟನ್ನು, ಅಕ್ಕನ ಅಂಗೈ, ಇಷ್ಟು ಹತ್ತಿರ —